ಖಾಲಿ ಬಿದ್ದ ಸಾಲಿಗೆ ಹಾಕಿದ ಬೀಜ

ನಮ್ಮ ಮೈಲೂರಿನ ಓಣಿಯಲ್ಲಿ ಯಾರಾದರೂ ನಿವೃತ್ತರಾದರೆ ಮನೆಗೆ ಶಾಲು, ಹಾರ, ಒಂದು ಗೋಡೆ ಗಡಿಯಾರ ಬರುತ್ತವೆ. ನನ್ನ ನಿವೃತ್ತಿಗೆ ಬಂದದ್ದು ಸಾಹೇಬರ ಒಂದು ಫೋನು.

'ಸಂಜೀವ, ಕಂಪನಿ ಬೀದರ ಕಡಿ ಕೆಲಸ ಬಂದ್ ಮಾಡ್ಲಕತ್ತದ ಬಾಬಾ. ಬೈಕಿನ ಚಾವಿ ಆಫೀಸಿನ್ಯಾಗ ಇಟ್ಟು ಹೋಗು.'

ಆಗ ನನಗೆ ಮೂವತ್ತೊಂದು. ಇನ್ನೂ ಮದುವೆಯಾಗದ ನಿವೃತ್ತ ನೌಕರ ಬೀದರ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಈಗ ಸೋದರಮಾವನ ಬೀಜ-ಗೊಬ್ಬರದ ಅಂಗಡಿಯಲ್ಲಿ ಕೂತಿರುತ್ತೇನೆ. ಬೇರೆ ಕಂಪನಿಗಳಿಗೆ ಹೊಸದಾಗಿ ಸೇರಿದ ಹುಡುಗರು ಬಂದು, 'ಸರ್, ಫೀಲ್ಡ್ ಕೆಲಸ ಹ್ಯಾಂಗಿರ್ತದ್ರಿ?' ಎಂದು ಕೇಳುತ್ತಾರೆ. ಅವರ ಕಾಲಲ್ಲಿ ಹೊಸ ಬೂಟು ಇರುತ್ತವೆ. ಆ ಬೂಟು ಕಪ್ಪು ಮಣ್ಣಿನಲ್ಲಿ ಒಂದು ಮಳೆಗಾಲ ನಡೆದ ಮೇಲೆ ಕೇಳಿ ಎನ್ನಬೇಕೆನಿಸುತ್ತದೆ. ಆದರೆ ಕೇಳುವವರು ಸಿಕ್ಕಾಗ ಬಾಯಿ ಮುಚ್ಚಿಕೊಳ್ಳುವ ಗುಣ ನನ್ನದಲ್ಲ. ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಕಂಪನಿಯ ಕೆಲಸ ಸರಳ. ರೈತರಿಗೆ ಸಿಹಿ ಮೆಕ್ಕೆಜೋಳದ ಬೀಜ ಕೊಡುವುದು, ಬೆಳೆಯುವ ರೀತಿ ಹೇಳುವುದು, ಎಳೆಯ ತೆನೆಗಳನ್ನು ವಾಪಸು ಕೊಳ್ಳುವುದು. ಬೀಜ ಕೊಡುವುದು, ತೆನೆ ಕೊಳ್ಳುವುದು ಕಂಪನಿಯ ಪಾಲು. ನಡುವಿನ ಹೇಳುವುದು ನನ್ನ ಪಾಲು. ಹೇಳುವುದರಲ್ಲಿ ನನಗೆ ಯಾವತ್ತೂ ಕೊರತೆ ಇರಲಿಲ್ಲ. ಶಾಲೆಯಲ್ಲಿದ್ದಾಗ ಹೆಡ್‌ಮಾಸ್ತರರ ದನಿ ತೆಗೆದು ಇಡೀ ವರ್ಗಕ್ಕೆ ರಜೆ ಕೊಟ್ಟವನು ನಾನು. ಅದರ ಬಹುಮಾನವನ್ನು ಅಪ್ಪ ಮನೆಯಲ್ಲಿ ಕೊಟ್ಟರು.

ನನ್ನ ಮೇಲಧಿಕಾರಿ ದೇಶಮುಖ ಸಾಹೇಬರು. ಮಾತಿನ ಅರ್ಧ ಮರಾಠಿ, ಅರ್ಧ ಕನ್ನಡ, ನಡುವೆ ಒಂದು ಕೆಮ್ಮು. ನೌಬಾದದ ಆಫೀಸಿನಲ್ಲಿ ಮೊದಲ ದಿನ ಅವರು ನನ್ನ ಅಂಗೈಗೆ ನಾಲ್ಕು ಬೀಜ ಹಾಕಿದರು. ಒಣಗಿ ಸುಕ್ಕುಗಟ್ಟಿದ ಬೀಜ. ಹಳೆಯ ಸ್ಟಾಕ್ ಎಂದುಕೊಂಡು ನಕ್ಕೆ.

'ನಗಬ್ಯಾಡ. ಸಿಹಿ ಮಕ್ಕಾದ ಬೀಜ ಹುಟ್ಟಾ ಹಿಂಗೇ ಇರ್ತದ. ಒಳಗ ಹಿಟ್ಟು ಕಮ್ಮಿ, ಸಕ್ಕರಿ ಜಾಸ್ತಿ. ಅದಕ್ಕ ತಾಕತ್ತಿಲ್ಲ. ಬೆರಳಿನ ಒಂದ್ ಗೆಣ್ಣಿನಷ್ಟು ಆಳಕ್ಕ ಹಾಕು, ಬರ್ತದ. ಅದಕ್ಕಿಂತ ಕೆಳಗ ಹಾಕಿದ್ರ ಅಲ್ಲೇ ಮಲಗ್ತದ, ನಿನ್ನ ಹಾಂಗ.'

ಅದೇ ಸಂಜೆ ಆ ಮಾತನ್ನು ಕೆಮ್ಮಿನ ಸಮೇತ ಆಫೀಸಿನ ಜವಾನನಿಗೆ ಮಾಡಿ ತೋರಿಸಿದೆ. ಹಿಂದೆ ಸಾಹೇಬರು ನಿಂತಿದ್ದರು. 'ಕೆಮ್ಮು ಬರೋಬ್ಬರಿ ಬಂದಿಲ್ಲ' ಎಂದಷ್ಟೇ ಹೇಳಿ ಹೋದರು. ಇಂಥವರ ಕೈಕೆಳಗೆ ಕೆಲಸ ಸಿಕ್ಕರೆ ಬಿಡಬೇಡಿ.

ಮೊದಲ ವರ್ಷದ ಪಾಠ ಭಾಲ್ಕಿ ಕಡೆ ಆಯಿತು. ಒಂದೇ ಊರಿನ ಹತ್ತಾರು ರೈತರು ಬೀಜ ಒಯ್ದರು. ವಾರ ವಾರ ಬಿಟ್ಟು ಸ್ವಲ್ಪ ಸ್ವಲ್ಪ ಬಿತ್ತಿದರೆ ತೆನೆ ಹಂತ ಹಂತವಾಗಿ ಬರುತ್ತವೆ ಎಂದು ನಾವು ಹೇಳಿದ್ದೆವು. ಅವರು ತಲೆಯಾಡಿಸಿದರು. ಆಮೇಲೆ ಭಟ್ಟರನ್ನು ಕೇಳಿ, ದಿನ ಚೆನ್ನಾಗಿದೆಯೆಂದು ಇಡೀ ಊರು ಒಂದೇ ಮುಂಜಾನೆ ಬಿತ್ತಿತು. ಚೆನ್ನಾಗಿರುವ ದಿನ ಬಿಟ್ಟು ಮುಂದಿನ ವಾರ ಬಿತ್ತುವವನು ಯಾರು? ಬೆಳೆ ನೋಡಿದರೆ ಕಣ್ಣು ತುಂಬುತ್ತಿತ್ತು. ಆದರೆ ಎಲ್ಲರ ತೆನೆಯೂ ಒಟ್ಟಿಗೇ ಕಾಳಿನಲ್ಲಿ ಹಾಲು ತುಂಬುವ ಹಂತಕ್ಕೆ ಬಂದವು. ಕಂಪನಿಯ ಗಾಡಿ ಒಂದೇ. ಕೊಯ್ದ ತೆನೆ ರಸ್ತೆ ಬದಿಯ ಬಿಸಿಲಿನಲ್ಲಿ ಗುಡ್ಡೆ ಬಿದ್ದವು. ಸಂಜೆ ಸಾಹೇಬರು ಬಂದು ಒಂದು ತೆನೆ ಸುಲಿದು ಕಚ್ಚಿದರು. ಬಹಳ ಹೊತ್ತು ಅಗಿದರು.

'ಮುಂಜಾನಿ ಇದರಾಗ ಸಕ್ಕರಿ ಇತ್ತು' ಎಂದರು. 'ಈಗ ಇದು ಆಲೂಗಡ್ಡಿ.'

ನಾನು ಅದನ್ನು ಇವತ್ತಿಗೂ ಅಣಕಿಸುವುದಿಲ್ಲ.

ಅಲ್ಲಿಂದ ನಾವು ಪದ್ಧತಿ ಬದಲಿಸಿದೆವು. ಬೀಜ ಒಮ್ಮೆಗೇ ಕೊಡುವುದನ್ನು ನಿಲ್ಲಿಸಿ, ಮೊದಲ ಪಾಲು ಮೊಳೆತ ಮೇಲೆ ಎರಡನೆಯ ಪಾಲು ಕೊಡತೊಡಗಿದೆವು. ಸಪಾಟು ನೆಲದಲ್ಲಿ ಬಿತ್ತುವುದನ್ನು ಬಿಡಿಸಿ, ಬೋದು ಅಂದರೆ ಮಣ್ಣಿನ ದಿಂಡು ಏರಿಸಿ ಅದರ ಪಕ್ಕೆಗೆ ಕೈಯಿಂದ ಊರಿಸತೊಡಗಿದೆವು. ಬೋದಿನ ಮೇಲೆ ಬೇರು ನೀರಿನಲ್ಲಿ ನೆನೆಯುವುದಿಲ್ಲ, ನಮ್ಮ ಕಪ್ಪು ಮಣ್ಣಿಗೆ ಅದು ದೊಡ್ಡ ಮಾತು. ಕೊಯ್ಲು ಬೆಳಗಿನ ತಂಪಿನಲ್ಲೇ. ಇಷ್ಟು ಕಲಿತ ಮೇಲೆ ನನಗೆ ಸ್ವಲ್ಪ ಸೊಕ್ಕು ಬಂತು. ಮನೆಯಲ್ಲಿ ಆಯಿಗೆ ಮೆಂತ್ಯೆ ಬಿತ್ತುವುದು ಹೇಗೆಂದು ಹೇಳಲು ಹೋದೆ. ಆಯಿ ಲಟ್ಟಣಿಗೆ ತೋರಿಸಿದಳು.

ಇನ್ನು ಕಸ್ತೂರಿ ವೈನಿಯ ವಿಷಯ. ಇದನ್ನು ಬರೆಯದಿದ್ದರೆ ಈ ಬರಹವೇ ಬೇಡ.

ಔರಾದ ದಾಟಿದ ಮೇಲೆ ಒಂದು ಸಣ್ಣ ಊರಿನಲ್ಲಿ ಮಾಣಿಕಪ್ಪ ಕಾಕಾ ಅವರ ಮನೆ. ಒಣ ಬೇಸಾಯದ ಹೊಲ, ಒಂದು ಹಿಂಡು ಕುರಿ, ಮತ್ತು ನೀರಿರುವ ಒಂದೇ ತುಂಡು ನೆಲ. ಅದು ಬಾವಿ ಪಕ್ಕದ ಹೊಲ. ಕಾಕಾಗೆ ಇಬ್ಬರು ಮಕ್ಕಳು. ದೊಡ್ಡವನು ಬೀದರಿನಲ್ಲಿ ಟೆಂಪೋ ಓಡಿಸುತ್ತಾನೆ, ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ಅವನ ಹೆಂಡತಿ ಕಸ್ತೂರಿ; ನಮ್ಮ ಕಡೆ ಅತ್ತಿಗೆಗೆ ವೈನಿ ಎನ್ನುತ್ತಾರೆ, ನನಗೂ ಅವರು ವೈನಿಯೇ. ಚಿಕ್ಕವನು ಉಮೇಶ. ಬಾವಿ ಪಕ್ಕದ ಹೊಲಕ್ಕೆ ಕಬ್ಬು ಹಾಕಬೇಕೆಂದು ಉಮೇಶನ ಆಸೆ. ತಮಗೆ ಬಿಟ್ಟುಕೊಡಬೇಕೆಂದು ವೈನಿಯ ಆಸೆ. ಮದುವೆಯಾಗಿ ಬಂದಾಗಿನಿಂದ ಆ ಮನೆಯ ಎಲ್ಲ ಹೊಲದಲ್ಲೂ ಕಳೆ ಕಿತ್ತವರು ಅವರು. ಯಾವ ಹೊಲದಲ್ಲೂ ಏನು ಬಿತ್ತಬೇಕೆಂದು ಅವರನ್ನು ಯಾರೂ ಕೇಳಿರಲಿಲ್ಲ.

ಆ ಊರಿನಲ್ಲಿ ನಾನು ನಡೆಸಿದ ರೈತರ ಸಭೆಗೆ ಬಂದ ಏಕೈಕ ಹೆಣ್ಣುಮಗಳು ಅವರು. ಸಿಹಿ ಜೋಳಕ್ಕೆ ಬೇರೆ ಮೆಕ್ಕೆಜೋಳದ ಪರಾಗ ತಾಗಬಾರದು, ತಾಗಿದರೆ ಆ ವರ್ಷದ ಕಾಳೇ ಹಿಟ್ಟಾಗಿ ಸಪ್ಪೆಯಾಗುತ್ತದೆ ಎಂಬುದನ್ನು ನಾನು ನಾಟಕ ಮಾಡಿ ತೋರಿಸುತ್ತಿದ್ದೆ. ಸಾದಾ ಮೆಕ್ಕೆಜೋಳದ ಪರಾಗ ಗಾಳಿಯಲ್ಲಿ ಕರೆಯದ ಬೀಗರ ಹಾಗೆ ಬರುತ್ತದೆ, ಬಂದು ಉಂಡು, ಮನೆಯ ರುಚಿಯನ್ನೇ ಕೆಡಿಸಿ ಹೋಗುತ್ತದೆ. ಬೀಗರ ನಡಿಗೆ, ಬೀಗರ ತೇಗು, ಎಲ್ಲವೂ ಇತ್ತು. ಜನ ಬಿದ್ದು ಬಿದ್ದು ನಕ್ಕರು. ಕೊನೆಗೆ ನಾನು ಹೇಳಿದ್ದು ಇಷ್ಟು: 'ಅದಕ್ಕ ಪಕ್ಕದವರ ಹೊಲದಾಗ ಮಕ್ಕಾ ಇದ್ದರ ದೂರ ಬಿತ್ರಿ, ಇಲ್ಲಾ ಮೂರು ವಾರ ಹಿಂದ-ಮುಂದ ಬಿತ್ರಿ. ಎರಡೂ ಕೂಡೇ ಹೂವಿಗಿ ಬರಬಾರದು.'

ವೈನಿ ನಗಲಿಲ್ಲ. ಮರುದಿನ ಫೋನ್ ಮಾಡಿದರು.

'ಸಂಜು ಸರ್, ಸುತ್ತ ನಾಕೂ ಹೊಲದವರಿಗಿ ಕೇಳೀನಿ. ಯಾರೂ ಮಕ್ಕಾ ಹಾಕಂಗಿಲ್ಲಂತ. ನಾ ಹಾಕ್ಲೇನ್ರಿ?'

ಮಾಣಿಕಪ್ಪ ಕಾಕಾ ಒಪ್ಪಿದರು, ಆದರೆ ಶರತ್ತಿನ ಮೇಲೆ. ನನ್ನೆದುರಿಗೇ ಹೇಳಿದರು.

'ಒಂದ್ ಬೆಳಿ ಅಕಿ ಮಾಡ್ಲಿ. ಎಳ್ಳ ಅಮಾಸಿ ದಿನ ಎಲ್ಲಾರೂ ಹೊಲಕ್ಕ ಬರ್ತೇವಿ. ಅಲ್ಲೇ ತೆನಿ ತಿಂತೇವಿ. ಛಲೋ ಬಂದ್ರ ಈ ಹೊಲ ಮುಂದನೂ ಅಕಿ ಕೈಯಾಗ. ಇಲ್ಲಂದ್ರ ಉಮೇಶ ಕಬ್ಬು ಹಾಕ್ತಾನ. ಆಮ್ಯಾಲ ಯಾರೂ ಮಾತಾಡಬಾರದು.'

ಕಬ್ಬು ಒಮ್ಮೆ ನೆಟ್ಟರೆ ಕಡಿದ ಬುಡದಿಂದಲೇ ಎರಡು ಮೂರು ವರ್ಷ ಕೂಳೆ ಬೆಳೆ ನಡೆಯುತ್ತದೆ. ಅಂದರೆ ಆ ಮಾತಿನ ಅರ್ಥ ಎಲ್ಲರಿಗೂ ಗೊತ್ತಿತ್ತು.

ಗಣಪತಿ ಹಬ್ಬ ಮುಗಿದ ಮೇಲೆ ಮೊದಲ ಪಾಲು ಬಿತ್ತಬೇಕು. ಕೈಯಿಂದ ಊರಬೇಕೆಂದು ನಾನು ಹೇಳಿದರೆ ಕಾಕಾ ಒಪ್ಪಲಿಲ್ಲ. ಆ ಹೊಲದಲ್ಲಿ ಯಾವ ಬೆಳೆಯಾದರೂ ಮೊದಲ ಬೀಜ ಕೂರಿಗೆಯಿಂದಲೇ ಬೀಳಬೇಕು, ಕೂರಿಗೆಗೆ ಪೂಜೆಯಾಗಬೇಕು, ಬೀಜ ಬಿಡುವ ಕೈ ಮನೆಯ ಹಿರಿಯನದಾಗಿರಬೇಕು.

'ಕಾಕಾ, ಈ ಬೀಜಕ್ಕ ತಾಕತ್ತಿಲ್ಲರಿ' ಎಂದೆ.

'ನನಗ ಅದ ತಮ್ಮಾ' ಎಂದರು ಕಾಕಾ.

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವರು ಕೂರಿಗೆ ಹಿಡಿದು ನಡೆದರು. ಹಿಂಗಾರಿ ಜೋಳಕ್ಕೆ ಹಸಿ ಸಿಗಲಿ ಎಂದು ಎಷ್ಟು ಆಳ ಬಿಡುತ್ತಿದ್ದರೋ ಅಷ್ಟೇ ಆಳ. ಎರಡು ದಿನದಲ್ಲಿ ಮಳೆ ಬಿದ್ದು ಮೇಲ್ಮಣ್ಣು ಬಿಗಿಯಿತು. ಅರ್ಧಕ್ಕರ್ಧ ಬೀಜ ಮೇಲೆ ಬರಲೇ ಇಲ್ಲ. ಸಾಲುಗಳು ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿದ್ದವು.

ಎರಡನೆಯ ಪಾಲಿನ ಬೀಜಕ್ಕೆ ಇನ್ನೂ ಹೊಲದ ಅರ್ಧ ಉಳಿದಿತ್ತು. ನವರಾತ್ರಿಯಲ್ಲಿ ವೈನಿ ಅದನ್ನು ತಾವೇ ಮಾಡಿದರು. ಮೊದಲ ಬೀಜ ಕೂರಿಗೆಯಿಂದ ಬಿದ್ದಾಗಿತ್ತು, ಆದ್ದರಿಂದ ಕಾಕಾ ಅಡ್ಡ ಬರಲಿಲ್ಲ. ಬೋದು ಏರಿಸಿ, ನೀರು ಹಾಯಿಸಿ, ಪಕ್ಕೆಗೆ ಬೆರಳಿನ ಒಂದು ಗೆಣ್ಣಿನ ಆಳಕ್ಕೆ ಒಂದೊಂದೇ ಬೀಜ. ನಾನು ಪಕ್ಕದಲ್ಲಿ ನಿಂತು ಸಾಹೇಬರ ದನಿಯಲ್ಲಿ ತಪ್ಪು ಹುಡುಕುತ್ತಿದ್ದೆ.

'ಸುಮ್ಮ ನಿಂದ್ರಬ್ಯಾಡ್ರಿ ಸರ್, ನಾಕ್ ಬೀಜ ನೀವೂ ಹಾಕ್ರಿ. ಬಾಗಿದ್ರ ಸೊಂಟ ಮುರಿಯಂಗಿಲ್ಲ.'

ನಾಲ್ಕಲ್ಲ, ಎರಡು ಸಾಲು ಹಾಕಿದೆ. ಸೊಂಟ ಮುರಿಯಿತು. ಆದರೆ ಆ ಅರ್ಧ ಹೊಲ ಹೊಲಿದ ಹಾಗೆ ಮೊಳೆಯಿತು.

ಆ ವಾರವೇ ಸಾಹೇಬರು ನನ್ನನ್ನು ಭಾಲ್ಕಿಗೆ ಹಾಕಿದರು. ಅಲ್ಲಿ ನೋಡುವವರಿಲ್ಲದೆ ಇಡೀ ಗುಂಪಿನ ಬೆಳೆಗೆ ಹುಳು ಬಿದ್ದಿತ್ತು. ಅಮಾವಾಸ್ಯೆ ತನಕ ಔರಾದ ಕಡೆ ಹೋಗಲಾಗಲಿಲ್ಲ. ವೈನಿ ಫೋನಿನಲ್ಲಿ ಸುದ್ದಿ ಕೊಡುತ್ತಿದ್ದರು. ಸೂಲಂಗಿ ಬಂದವು, ಅಂದರೆ ತುದಿಯ ಗಂಡು ಹೂವು. ಆಮೇಲೆ ತೆನೆಗೆ ರೇಷ್ಮೆಯಂಥ ಕೂದಲು ಬಂದವು. ಮೊದಲ ಪಾಲಿನ ತೆನೆ ಬೇಗ ಬಲಿತವು.

'ಹ್ಯಾಂಗ ಅವರಿ ವೈನಿ?'

'ಏನ್ ಹೇಳ್ಲಿ. ಗಿಡ ವಿರಳ ಆಗಿ ಕಾಳೇ ತುಂಬಿಲ್ಲ. ಅಲ್ಲೊಂದು ಇಲ್ಲೊಂದು ಕಾಳು. ನಾಚಿಕಿ ಬಂದು ಮಾಮಾಗ ತೋರಿಸಿಲ್ಲ. ಮನ್ಯಾಗ ಕುದಿಸಿ ನಾನೇ ತಿಂದ್ನಿ.'

'ರುಚಿ?'

'ರುಚಿ ಖರೇ ಹೇಳ್ಲೇನ್ರಿ? ಪೇಡೆ ಇದ್ದಂಗಿತ್ತು. ಎರಡನೇ ಪಾಲಿನ ತೆನಿ ಭಾಳ ಛಂದ ತುಂಬ್ಲಕತ್ತಾವ. ಅಮಾಸಿಗಿ ಬರೋಬ್ಬರಿ ಆಗ್ತಾವ. ನೀವು ಬರ್ಬೇಕು.'

ಎಳ್ಳ ಅಮಾವಾಸ್ಯೆ ದಿನ ಬೀದರ ಪೇಟೆಯಲ್ಲಿ ನಾಯಿ ಕೂಡ ಇರುವುದಿಲ್ಲ, ಎಲ್ಲರೂ ಹೊಲದಲ್ಲಿ. ನಾನು ಬೈಕು ತೆಗೆದು ಜನವಾಡ ಮೇಲೆ ಹಾಯ್ದು ಔರಾದ ದಾಟಿ ಹೋದೆ. ಬಾವಿ ಪಕ್ಕದ ಹೊಲದ ಅಂಚಿನಲ್ಲಿ ಜೋಳದ ದಂಟಿನ ಗುಡಿಸಲು, ಒಳಗೆ ದೇವರೆಂದು ಇಟ್ಟ ಐದು ಕಲ್ಲು, ಪೂಜೆ ಆಗಿತ್ತು. ಕಾಳು-ಸೊಪ್ಪು ಕೂಡಿಸಿ ಮಾಡಿದ ಭಜ್ಜಿ ಪಲ್ಯ, ಸಜ್ಜೆ ರೊಟ್ಟಿ, ಅಂಬಲಿ. ಬೀಗರು, ನೆರೆಯವರು, ಎಲ್ಲ ಸೇರಿ ದೊಡ್ಡ ಜಮಾವಣೆ. ಒಲೆಯ ಮೇಲೆ ದೊಡ್ಡ ಪಾತೇಲಿಯಲ್ಲಿ ತೆನೆ ಕುದಿಯುತ್ತಿದ್ದವು.

ತೆನೆ ನೋಡಿದರೆ ಕ್ಯಾಲೆಂಡರಿನ ಚಿತ್ರ. ಬುಡದಿಂದ ತುದಿಯ ತನಕ ಕಾಳು, ಒಂದೂ ಖಾಲಿ ಇಲ್ಲ. ವೈನಿ ಮೊದಲ ತೆನೆಯನ್ನು ಕಾಕಾರ ಕೈಗೆ ಕೊಟ್ಟು ಸೆರಗಿನಲ್ಲಿ ಕೈ ಒರೆಸುತ್ತ ನಿಂತರು. ಕಾಕಾ ಕಚ್ಚಿದರು. ಅಗಿದರು. ಇನ್ನೊಮ್ಮೆ ಕಚ್ಚಿದರು.

'ಹೂಂ' ಎಂದರು. 'ಹೊಟ್ಟಿ ತುಂಬ್ತದ.'

ಉಮೇಶನೂ ಕಚ್ಚಿದ. 'ವೈನಿ, ಸಿಹಿ ಮನ್ಯಾಗ ಮರೆತು ಬಂದ್ರೇನು?'

ನಾಲ್ಕು ಜನ ನಕ್ಕರು. ನಾನೂ ಒಂದು ತೆನೆ ತೆಗೆದುಕೊಂಡೆ. ಸಪ್ಪೆ. ಬಾಯಲ್ಲಿ ಹಿಟ್ಟು. ಹೊತ್ತು ಮೀರಿ ಕೊಯ್ದ ತೆನೆಯಲ್ಲ, ಒಂದು ಗಂಟೆಯ ಹಿಂದೆ ಗಿಡದಲ್ಲಿದ್ದದ್ದು. ಉಗುರಿನಿಂದ ಒತ್ತಿದರೆ ಕಾಳಿನಲ್ಲಿ ಹಾಲೂ ಇತ್ತು. ಇದು ಕೊಯ್ಲಿನ ತಪ್ಪಲ್ಲ ಎಂದು ಗೊತ್ತಾದ ಕೂಡಲೇ ಎದ್ದು ಹೊಲದ ಒಳಗೆ ಹೋದೆ.

ಮೊದಲ ಪಾಲಿನ ಅರ್ಧದಲ್ಲಿ ಸಿಹಿ ಜೋಳದ ಗಿಡಗಳು ಒಣಗಿ ನಿಂತಿದ್ದವು. ಅವುಗಳ ನಡುವೆ, ಬೀಜ ಏಳದೆ ಖಾಲಿ ಬಿದ್ದಿದ್ದ ಜಾಗಗಳಲ್ಲೆಲ್ಲ, ಆಳೆತ್ತರದ ದಪ್ಪ ಗಿಡಗಳು ಹಸಿರಾಗಿ ನಿಂತಿದ್ದವು. ಅವು ನಮ್ಮ ಬೀಜದ ಗಿಡಗಳಲ್ಲ. ಕುರಿಗಳ ಮೇವಿಗೆಂದು ಮನೆಯಲ್ಲಿ ಇಟ್ಟಿರುವ ಸಾದಾ ಮೆಕ್ಕೆಜೋಳ. ವೈನಿಯ ಬೋದಿನ ಸಾಲುಗಳಿಂದ ಅವಕ್ಕೆ ಹತ್ತು ಹೆಜ್ಜೆಯೂ ದೂರವಿರಲಿಲ್ಲ. ಎರಡೂ ಒಂದೇ ವಾರದಲ್ಲಿ ಹೂ ಬಿಟ್ಟಿದ್ದವು.

ಹಿಂದೆಯೇ ಕಾಕಾ ಬಂದರು. ಮುಖ ಬೆಳಗುತ್ತಿತ್ತು.

'ನೋಡಿದ್ಯಾ ತಮ್ಮಾ? ಸಾಲು ಖಾಲಿ ಬಿದ್ದು ಭಣ ಭಣ ಅಂತಿದ್ವು. ಎಳ್ಳ ಅಮಾಸಿ ದಿನ ಖಾಲಿ ಸಾಲು ಇಟ್ಕೊಂಡು ಭೂಮಿತಾಯಿಗಿ ಪೂಜಿ ಹ್ಯಾಂಗ ಮಾಡೂದು? ನಮ್ಮ ಮನ್ಯಾಗ ಯಾವತ್ತೂ ಮಾಡಿಲ್ಲ. ನಂದೇ ಕೂರಿಗಿ ತಪ್ಪು ಅಂತ ಮನಸ್ಸಿಗಿ ಹತ್ತಿತ್ತು. ಅಕಿ ಆ ಕಡಿ ಹಾಕೂ ಮುಂದ ನಾ ಈ ಕಡಿ ಮನಿ ಬೀಜ ತಂದು ಒಂದೊಂದು ಖಾಲಿ ಜಾಗದಾಗ ಊರಿದ್ನಿ. ಬಾವಿಲಿಂದ ಕೊಡ ಹೊತ್ತು ನೀರ ಹಾಕೀನಿ. ಈಗ ನೋಡು, ಒಂದೂ ಖಾಲಿ ಇಲ್ಲ.'

ನಾನು ಪಕ್ಕದವರ ಹೊಲ ಎಂದಿದ್ದೆ. ತಮ್ಮದೇ ಸಾಲು ಎಂದಿರಲಿಲ್ಲ. ಹೇಳಬೇಕೆಂದು ಯಾರಿಗೆ ಹೊಳೆಯುತ್ತದೆ?

ಗುಡಿಸಲಿಗೆ ವಾಪಸು ಬಂದಾಗ ವೈನಿ ನನ್ನ ಮುಖ ನೋಡಿದರು. ಆಮೇಲೆ 'ಮನಿ ಬೀಜ, ಮನಿ ಬೀಜ' ಎಂದು ನೆಂಟರಿಗೆಲ್ಲ ಆ ಗಿಡ ತೋರಿಸುತ್ತ ನನ್ನ ಹಿಂದೆ ಬರುತ್ತಿದ್ದ ಮಾವನ ಮುಖ ನೋಡಿದರು. ಆಮೇಲೆ ಆ ಎತ್ತರದ ಗಿಡಗಳನ್ನು ನೋಡಿದರು. ಅವುಗಳನ್ನು ಅವರು ದಿನವೂ ನೋಡಿದ್ದರು, ಮಾವ ಕಂಪನಿಯ ಬೀಜವೇ ಉಳಿದದ್ದನ್ನು ಹಾಕಿದ್ದಾರೆಂದುಕೊಂಡಿದ್ದರು. ಈಗ ಅವರಿಗೆ ತಿಳಿಯಿತೆಂದು ನನಗೂ ತಿಳಿಯಿತು.

'ಕಾಕಾ, ಒಂದ್ ಮಾತು—' ಎಂದು ನಾನು ಬಾಯಿ ತೆರೆದೆ.

'ಸಂಜು ಸರ್,' ಎಂದರು ವೈನಿ, ಎಲ್ಲರಿಗೂ ಕೇಳುವ ಹಾಗೆ, 'ನಿಮ್ಮ ಸಾಹೇಬ್ರು ಹ್ಯಾಂಗ ಮಾತಾಡ್ತಾರ, ಒಮ್ಮಿ ಮಾಡಿ ತೋರಸ್ರಿ. ಇವರ್ಯಾರೂ ನೋಡಿಲ್ಲ.'

'ವೈನಿ, ಮೊದಲ ಇದು—'

'ಮೊದಲ ಸಾಹೇಬ್ರು.'

ಆ ಕಣ್ಣಿನ ಎದುರು ನನ್ನ ಬಾಯಿ ನಡೆಯಲಿಲ್ಲ. ಮಾಡಿದೆ. ಕೆಮ್ಮು, ಬಾಬಾ, ತಾಕತ್ತಿಲ್ಲದ ಬೀಜ, ಎಲ್ಲ. ಜೀವನದಲ್ಲಿ ಅಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ. ಕೆಮ್ಮು ಬರೋಬ್ಬರಿ ಬಂತು. ಜನ ಹೊಟ್ಟೆ ಹಿಡಿದುಕೊಂಡರು. ಕಾಕಾ ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. ಆ ನಗೆಯ ಬಿಸಿಯಲ್ಲೇ, ಯಾರಿಗೂ ನೋವಾಗದ ಹಾಗೆ ಹೇಳಿಬಿಟ್ಟರು.

'ಆಯ್ತು. ಸೊಸಿ ಛಲೋ ದುಡಿದಾಳ. ಆದ್ರ ಈ ಬೆಳಿ ನಮ್ಮ ನೆಲಕ್ಕ ಕೂಡಿ ಬರಂಗಿಲ್ಲ. ಉಮೇಶ, ನೀ ಕಬ್ಬು ಹಾಕು.'

ಬೈಕಿನ ತನಕ ವೈನಿ ಬಂದರು. ನಾನು ಸಿಟ್ಟಾಗಿದ್ದೆ.

'ಹೊಲ ಹೋತಲ್ರಿ ವೈನಿ. ಒಂದ್ ಮಾತು ಹೇಳಿದ್ರ ಉಳೀತಿತ್ತು.'

'ಇಷ್ಟು ಮಂದಿ ಮುಂದ ಮಾಮಾರ ಕೈಲಿಂದ ಕೆಟ್ಟದಂತ ಹೇಳೂದೇನ್ರಿ? ಈ ವಯಸ್ಸಿನ್ಯಾಗ ಕೊಡ ಹೊತ್ತಾರ. ಹಬ್ಬ ಮುಗೀಲಿ. ಮನ್ಯಾಗ ಸಮಾಧಾನಲೆ ನಾನೇ ಹೇಳ್ತೇನಿ.'

ಹೇಳುವುದು ಆಗಲಿಲ್ಲ. ಮರುದಿನವೇ ಕಾಕಾ ಕುರಿ ಹೊಡೆದುಕೊಂಡು ದೂರದ ಮೇವಿಗೆ ಹೋದರು. ಅವರು ತಿರುಗಿ ಬರುವುದರೊಳಗೆ ಉಮೇಶ ಭಾಲ್ಕಿ ಕಡೆಯಿಂದ ಕಬ್ಬಿನ ಬೀಜ ತಂದು ನೆಟ್ಟಿದ್ದ. ಆಮೇಲೆ ಹೇಳಿ ಏನು ಮಾಡುವುದು ಎಂದು ವೈನಿ ಸುಮ್ಮನಾದರು. ನಾನು ಎಷ್ಟೋ ಸಲ ಬೈಕು ಆ ದಾರಿಗೆ ಹೊರಳಿಸಿ, ಮತ್ತೆ ತಿರುಗಿಸಿಕೊಂಡು ಬಂದೆ. ಅವರು ಮುಚ್ಚಿದ ಮಾತನ್ನು ತೆರೆಯಲು ನಾನು ಯಾರು ಎನಿಸುತ್ತಿತ್ತು. ಮಳೆಗಾಲಕ್ಕೆ ಮುಂಚೆ ಕಂಪನಿ ಮುಚ್ಚಿತು.

ಚಾವಿ ಇಟ್ಟ ವಾರ ಕೊನೆಯ ಸಲ ಎಲ್ಲ ರೈತರ ಮನೆಗೆ ಬಸ್ಸಿನಲ್ಲೇ ಹೋಗಿ ಬಂದೆ. ಮಾಣಿಕಪ್ಪ ಕಾಕಾ ಪಡಸಾಲೆಯಲ್ಲಿ ಕೂತಿದ್ದರು. ನನ್ನನ್ನು ನೋಡಿ ಮೇಲಿನ ತೊಲೆಗೆ ಕಟ್ಟಿದ್ದ ಐದಾರು ಒಣ ತೆನೆ ಬಿಚ್ಚಿಕೊಂಡು ಬಂದರು. ವೈನಿಯ ಬೆಳೆಯಲ್ಲಿ ಎಲ್ಲಕ್ಕಿಂತ ಚೆಂದದವನ್ನು ಆರಿಸಿ ಬೀಜಕ್ಕೆಂದು ಇಟ್ಟುಕೊಂಡಿದ್ದರಂತೆ.

'ಅಕಿಗಿ ಕೊಡ್ಬೇಕಂತ ಇಟ್ಟೀನಿ ತಮ್ಮಾ. ಹೊಲ ಕಸಗೊಂಡ ಹಾಂಗಾಗಿ ಮನಸ್ಸಿಗಿ ಸಮಾಧಾನ ಇಲ್ಲ. ಎಲ್ಲ್ಯಾರ ಜರಾ ಹಾಕ್ಲಿ. ಆದ್ರ ಒಂದ್ ಹೇಳು. ನೀ ಕೊಟ್ಟ ಬೀಜ ಮುದುಕರ ಚರ್ಮದಂಗ ಸುಕ್ಕಿತ್ತು. ಇವು ನೋಡು, ಗುಂಡಗ, ನುಣ್ಣಗ ಅವ. ನಮ್ಮ ಮನಿ ಮಕ್ಕಾದಂಗ. ಯಾಕ?'

ವೈನಿ ಒಳಬಾಗಿಲಲ್ಲಿ ನಿಂತಿದ್ದರು. ನಾನು ಅವರ ಕಡೆ ನೋಡಿದೆ. ಈ ಸಲ ಅವರು ಸಾಹೇಬರನ್ನು ಕರೆಯಲಿಲ್ಲ. ನೆಲ ನೋಡಿದರು.

ಹೇಳಿದೆ. ಯಾರ ದನಿಯನ್ನೂ ತೆಗೆಯದೆ, ನನ್ನ ದನಿಯಲ್ಲೇ ಹೇಳಿದೆ. ಮನೆ ಬೀಜದ ಪರಾಗ ತಾಗಿದ್ದಕ್ಕೇ ಕಾಳು ನುಣ್ಣಗಾದದ್ದು, ಅದಕ್ಕೇ ಸಪ್ಪೆಯಾದದ್ದು. ಕಾಕಾ ಒಂದು ತೆನೆಯನ್ನು ಹೆಬ್ಬೆರಳಿನಿಂದ ಸವರುತ್ತ ಕೇಳಿದರು. ಮುಗಿದ ಮೇಲೆ ಸೊಸೆಯ ಕಡೆ ತಿರುಗಿದರು.

'ನಿನಗ ಗೊತ್ತಿತ್ತು.'

'ಅಮಾಸಿ ದಿನ ಗೊತ್ತಾತು, ಮಾಮಾ.'

'ಯಾಕ ಹೇಳಲಿಲ್ಲ ಮತ್ತ?'

'ನೀವು ಎಲ್ಲಾರಿಗಿ ಆ ಗಿಡ ತೋರಸ್ಲಕತ್ತಿದ್ರಿ.'

ಕಾಕಾ ಬಾಗಿಲಾಚೆ ನೋಡಿದರು. ಹೊರಗೆ ಬಾವಿಯ ಕಡೆ ಕಬ್ಬು ಆಗಲೇ ಎದೆಯೆತ್ತರ ಬಂದಿತ್ತು.

'ಕಬ್ಬು ಈಗ ಕೀಳ್ಲಿಕ್ಕ ಬರಂಗಿಲ್ಲ' ಎಂದರು ಕೊನೆಗೆ. 'ಬದುವಿನ ಗುಂಟ ಮೂರು ಸಾಲಿನಷ್ಟು ಜಾಗ ಅದ. ಉಮೇಶಗ ಹೇಳಿ ಬಿಡಸ್ತೇನಿ. ಈ ತಮ್ಮ ಹೊಸ ಬೀಜ ಕೊಡ್ತಾನ. ನೀ ಹಾಕು. ನಾ ಆ ಕಡಿ ಕಾಲ ಸೈತ ಇಡಂಗಿಲ್ಲ.'

ವೈನಿ ಬಂದು ಅವರ ಎದುರು ಕೂತರು.

'ಮೂರು ಸಾಲಿಗಿ ಕಾಳು ಕಟ್ಟಂಗಿಲ್ಲ, ಮಾಮಾ. ಉದ್ದುದ್ದ ಎರಡು ಮೂರು ಸಾಲು ಹಾಕಿದ್ರ ಹೂವಿನ ಪುಡಿ ಎಲ್ಲಾ ಗಾಳಿಗಿ ಹೋಗ್ತದ. ಮಗ್ಗಲಿಗಿ, ಹಿಂದ, ಮುಂದ, ಎಲ್ಲಾ ಕಡಿ ಅದೇ ಬೆಳಿ ಇರಬೇಕು. ಅದಕ್ಕ ಹೊಲಾನೇ ಬೇಕು.'

ಕಾಕಾ ನನ್ನನ್ನು ನೋಡಿದರು.

'ಖರೇ ಏನ್ ತಮ್ಮಾ?'

ಸುಳ್ಳು ಹೇಳಬಹುದಿತ್ತು. ಬೀಜದ ಪೊಟ್ಟಣ ಚೀಲದಲ್ಲೇ ಇತ್ತು. ಆದರೆ ಅವರು ಹೇಳಿದ್ದರಲ್ಲಿ ನಾನು ತಿದ್ದುವಂಥದ್ದು ಏನೂ ಇರಲಿಲ್ಲ.

'ಖರೇರಿ ಕಾಕಾ.'

 ಕಾಕಾ ಕುರಿಗಳ ಮೇವಿನ ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, ಆ ಚೆಂದದ ತೆನೆಯಿಂದ ಒಂದೊಂದೇ ಕಾಳು ಬಿಡಿಸಿ ಅದಕ್ಕೆ ಹಾಕತೊಡಗಿದರು.  ವೈನಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೂ ಒಂದು ತೆನೆ ಎತ್ತಿಕೊಂಡು ಬಿಡಿಸತೊಡಗಿದರು.